ಕೆಮ್ಮಿಲ್ಲದ ಕೂಗು

ಮಲ್ಲೇಶ್ವರದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ವಾರವೆಲ್ಲ ಒಂದು ಜಾಹೀರಾತು ಕಂಪನಿಗೆ ಸೋಪು, ಬಿಸ್ಕತ್ತುಗಳ ಚಿತ್ರ ಬಿಡಿಸುತ್ತಾಳೆ, ಶನಿವಾರ ಭಾನುವಾರ ದೆವ್ವಗಳದ್ದು. ಜಪಾನಿನವರ ಮಾಂಗಾ ಚಿತ್ರಕಥೆ ಪುಸ್ತಕಗಳನ್ನು ಓದಿ ಓದಿ ಹಿಡಿದ ಹುಚ್ಚು. ನಮ್ಮ ಊರಲ್ಲಿ ಬಾಯಿಂದ ಬಾಯಿಗೆ ಓಡಾಡುವ ದೆವ್ವದ ಕಥೆಗಳನ್ನು ಹಿಡಿದು ತಂದು, ಅದೇ ಧಾಟಿಯಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಒಂದು ಪುಸ್ತಕ ಮಾಡಬೇಕು ಅನ್ನೋದು ಅವಳ ಆಸೆ. ಷರತ್ತು ಒಂದೇ: ದೆವ್ವ ಯಾರ ಕುತ್ತಿಗೆಯನ್ನೂ ಹಿಸುಕಬಾರದು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಗೀಚಿದರೆ ವಾಪಸ್ ಹೋಗುವ ಆ ಹಳೇ ದೆವ್ವವೂ ಬೇಡ, ಅದನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ.

"ನಂಗೆ ಮೆತ್ತಗಿರೋ ದೆವ್ವ ಬೇಕು ಕಣೋ," ಅಂದಿದ್ದಳು. "ಬರಬೇಕು, ನಿಲ್ಲಬೇಕು, ಏನೋ ಒಂದು ಕೇಳಬೇಕು, ಸಿಗದೇ ಸುಮ್ನೆ ಹೋಗಿಬಿಡಬೇಕು."

"ನಿನ್ನ ಹಳೇ ಬಾಯ್‌ಫ್ರೆಂಡ್ ಥರ," ಅಂದೆ. ರಬ್ಬರ್ ಎಸೆದಳು. ಕಿವಿಗೇ ಬಿತ್ತು.

ಈ ಪುಸ್ತಕದಲ್ಲಿ ನನ್ನ ಪಾಲು ಗಂಟಲಿನದು. ನಾನು ಮಿಮಿಕ್ರಿ ಮಾಡುತ್ತೇನೆ. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು, ದೇವಸ್ಥಾನದ ಅರ್ಚಕರು, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ನಮ್ಮಪ್ಪ ಫೋನಿನಲ್ಲಿ ಮೇಲಧಿಕಾರಿ ಜೊತೆ ಮಾತಾಡುವಾಗ ಮಾತ್ರ ಹೊರಬರುವ ತೆಳ್ಳನೆಯ ದನಿ, ಎಲ್ಲ ನನ್ನ ಹತ್ತಿರ ಇದೆ. ನನ್ನ ಸ್ವಂತ ದನಿಯೂ ಒಂದಿದೆ. ಸ್ವಲ್ಪ ಮೂಗಿನಲ್ಲಿ ಬರುತ್ತೆ, ನಿಜ ಹೇಳಿದರೂ ಸುಳ್ಳಿನ ಥರ ಕೇಳಿಸುತ್ತೆ, ಹಾಗಾಗಿ ಜಾಸ್ತಿ ಬಳಸಲ್ಲ.

ನಮ್ಮ ಕೆಲಸದ ರೀತಿ ಹೀಗೆ: ಕಥೆ ಗೊತ್ತಿರುವವರ ಮನೆಗೆ ನಾನು ಹೋಗಿ ಕೂರುತ್ತೇನೆ. ಕಾಫಿ ಕುಡಿಯುತ್ತೇನೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಿಲ್ಲ. ರೆಕಾರ್ಡ್ ಮಾಡಿದರೆ ಆಂಟಿಯರೆಲ್ಲ ದೂರದರ್ಶನದಲ್ಲಿ ವಾರ್ತೆ ಓದುವವರಾಗಿಬಿಡುತ್ತಾರೆ. ಆಮೇಲೆ ಗೆಳತಿಯ ಕೋಣೆಗೆ ಬಂದು, ಹೇಳಿದವರ ಹಾಗೇ ಕೂತು, ಹಾಗೇ ಸೆರಗು ಎಳೆದುಕೊಂಡು, ಹಾಗೇ ಕಣ್ಣು ಅಗಲ ಮಾಡಿ ಇಡೀ ಕಥೆ ಹೇಳುತ್ತೇನೆ. ಅವಳು ನನ್ನನ್ನು ನೋಡುತ್ತಾ ಚಿತ್ರ ಬಿಡಿಸುತ್ತಾಳೆ. ಆ ಪುಸ್ತಕದಲ್ಲಿರುವ ಮುಕ್ಕಾಲು ಪಾಲು ಹೆಂಗಸರು ಬೇರೆ ಬೇರೆ ಸೀರೆಯಲ್ಲಿರುವ ನಾನೇ.

ನಾಲ್ಕು ಕಥೆ ಹೀಗೇ ಆದವು. ಹಳೇ ಮನೆ ಕೆಡವಿ ಕಟ್ಟಿದ ಅಪಾರ್ಟ್‌ಮೆಂಟಿನ ಲಿಫ್ಟು, ಯಾರೂ ಒತ್ತದಿದ್ದರೂ ಎರಡನೇ ಮಹಡಿಯಲ್ಲಿ ನಿಂತು, ಒಳಗೆ ಸ್ವಲ್ಪ ಸಾರಿನ ಘಮ ಬಿಟ್ಟು ಹೋಗುವುದು ಒಂದು. ಚಿಕ್ಕಪೇಟೆಯ ಟೈಲರ್ ಒಬ್ಬರು ದಿನಾ ಮಧ್ಯಾಹ್ನ, ಎದುರಿಗೆ ಯಾರೂ ಇಲ್ಲದೆ, ಒಂದೇ ಅಳತೆಯ ಮಗುವಿನ ಲಂಗಕ್ಕೆ ಟೇಪ್ ಹಿಡಿಯುವುದು ಇನ್ನೊಂದು.

ಐದನೇ ಕಥೆ ನಾನು ತಂದಿದ್ದಲ್ಲ. ಅವಳೇ ತಂದಳು.

ಒಂದು ಶನಿವಾರ ಗಾಂಧಿ ಬಜಾರಿನ ಹತ್ತಿರದ ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿನ್ನುತ್ತಿದ್ದೆವು. "ಲೋ, ಹನುಮಂತನಗರದಲ್ಲಿ ನಮ್ಮ ದೊಡ್ಡಮ್ಮನ ಪಕ್ಕದ ಮನೆಯವರು ಒಂದು ಸೂಪರ್ ಕಥೆ ಹೇಳಿದ್ರು. ನಿಮ್ಮ ಬೀದೀದೇ ಅಂತೆ! ಲಾಕ್‌ಡೌನ್ ಟೈಮಲ್ಲಿ ತೀರಿಕೊಂಡ ಸೊಪ್ಪಿನವರೊಬ್ಬರು ಇವತ್ತಿಗೂ ಬೆಳಿಗ್ಗೆ ಬಂದು ಕೂಗ್ತಾರಂತೆ. ಗೇಟ್ ತೆಗೆದು ನೋಡಿದ್ರೆ ಯಾರೂ ಇರಲ್ಲ. ಕಟ್ಟೆ ಮೇಲೆ ಒಂದು ಕಂತೆ ಕರಿಬೇವು ಇರುತ್ತಂತೆ. ನೀನು ಯಾಕೋ ಹೇಳೇ ಇಲ್ಲ?"

ಕರಿಬೇವು ಹೊಸದು. ಅದನ್ನು ಹನುಮಂತನಗರದವರು ಸೇರಿಸಿದ್ದು. ಉಳಿದದ್ದೆಲ್ಲ ನನಗೆ ಗೊತ್ತಿತ್ತು. ಚಮಚ ಕೆಳಗಿಟ್ಟೆ. "ಆ ದೆವ್ವ ನಾನೇ ಕಣೇ," ಅಂದೆ. ಅವಳು ನಕ್ಕಳು. ನಾನು ಏನು ಹೇಳಿದರೂ ನಗುವುದು ಅವಳ ಅಭ್ಯಾಸ, ಅದು ನಾನೇ ಮಾಡಿಸಿದ್ದು.

ಸೊಪ್ಪಿನವರು ನಮ್ಮ ಬೀದಿಗೆ ಬರುತ್ತಿದ್ದದ್ದು ನಾನು ಹುಟ್ಟುವ ಮೊದಲಿನಿಂದ. ಮುಂಜಾನೆ ಮಾರ್ಕೆಟ್ಟಿನಲ್ಲಿ ಸೊಪ್ಪು ಹಾಕಿಕೊಂಡು, ಗಾಡಿ ತಳ್ಳಿಕೊಂಡು ಏಳೂವರೆಗೆ ನಮ್ಮ ಮೂಲೆಗೆ ಬರೋರು. "ದಂಟೂ... ಸಬ್ಸಿಗೇ..." ಅಂತ ಎಳೆದು, ಅಲ್ಲಿ ಎರಡು ಸಲ ಒಣಕೆಮ್ಮು ಕೆಮ್ಮಿ, ಆಮೇಲೆ "ಮೆಂತ್ಯಾ ಸೊಪ್ಪೇಯ್" ಅಂತ ಮುಗಿಸೋರು. ಯಾವ ಕಾಲದಲ್ಲಿ ಸೇದಿದ ಬೀಡಿಯದೋ ಆ ಕೆಮ್ಮು, ಬೀಡಿ ಬಿಟ್ಟರೂ ಅದು ಬಿಟ್ಟಿರಲಿಲ್ಲ. ನಾನು ಒಂಬತ್ತನೇ ವಯಸ್ಸಿಗೇ ಅದನ್ನು ಕಲಿತಿದ್ದೆ. ಮನೆಗೆ ಯಾರು ಬಂದರೂ "ಎಲ್ಲೋ, ಸೊಪ್ಪಿನವರದ್ದು ಮಾಡೋ" ಅನ್ನೋರು. ಕೂಗಿಗೆ ಯಾರೂ ನಗುತ್ತಿರಲಿಲ್ಲ, ಕೆಮ್ಮು ಬಂದಾಗ ನಗೋರು. ಅದಕ್ಕೇ ನಾನು ಎರಡು ಕೆಮ್ಮನ್ನು ಮೂರು ಮಾಡಿದೆ, ಕೊನೆಯದಕ್ಕೆ ಒಂದು ಸಣ್ಣ ಸೀಟಿ ಸೇರಿಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಗೋರು.

ಅವರ ಮುಂದೆಯೇ ಮಾಡಿದ್ದೇನೆ. ಕೋಪ ಮಾಡಿಕೊಳ್ಳಲಿಲ್ಲ. "ನನ್ಗಿಂತ ನೀನೇ ಚೆನ್ನಾಗ್ ಕೂಗ್ತೀಯಲ್ಲೋ ಮರಿ. ಬಾ, ಗಾಡಿ ತಳ್ಳು, ನಾನು ನಿಮ್ಮನೇಲಿ ಕೂತ್ಕೊಂಡು ಪೇಪರ್ ಓದ್ತೀನಿ," ಅಂದಿದ್ದರು.

ಲಾಕ್‌ಡೌನ್ ಎರಡನೇ ಸಲ ಬಂದಾಗ ಅವರು ಬರುವುದು ನಿಂತಿತು. ಯಾರೂ ಅದಕ್ಕೆ ಬೇರೆ ಅರ್ಥ ಕಲ್ಪಿಸಲಿಲ್ಲ. ಬೀದಿ ಬಾಯಿಗೆ ಬೊಂಬು ಅಡ್ಡ ಕಟ್ಟಿದ್ದರು, ಪೊಲೀಸರು ಗಾಡಿಗಳನ್ನು ವಾಪಸ್ ಕಳಿಸುತ್ತಿದ್ದರು. ನಾನು ಮನೆಯಲ್ಲಿ ಕೂತು ಕೂತು ಕೊಳೆತು ಹೋಗಿದ್ದೆ. ಪ್ರೇಕ್ಷಕರು ಅಂತ ಅಪ್ಪ ಅಮ್ಮ ಇಬ್ಬರೇ. ಅವರು ನನ್ನ ಎಲ್ಲ ಐಟಮ್ಮನ್ನೂ ನೋಡಿ ಸುಸ್ತಾಗಿದ್ದರು. ಒಂದು ಬೆಳಿಗ್ಗೆ ಮಹಡಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದೆ. ದಂಟೂ. ಸಬ್ಸಿಗೇ. ಕೆಮ್ಮು. ಮೆಂತ್ಯಾ ಸೊಪ್ಪೇಯ್.

ಮೂರು ಗೇಟು ಒಟ್ಟಿಗೇ ತೆರೆದವು. ಮೂರು ಆಂಟಿಯರು ಮಾಸ್ಕು, ನೈಟಿ, ಬೆತ್ತದ ಬುಟ್ಟಿ ಸಮೇತ ಹೊರಗೆ ಬಂದು ಆ ಕಡೆ ಈ ಕಡೆ ನೋಡಿದರು. "ಎಲ್ರೀ ಹೋದ್ರು? ಈಗ ತಾನೆ ಕೂಗಿದ್ರಲ್ಲ!" "ಪೊಲೀಸ್ ಬಂದಿರ್ಬೇಕು, ಓಡಿಸಿರ್ತಾರೆ ಪಾಪ." ನಾನು ಟ್ಯಾಂಕಿನ ಹಿಂದೆ ಅಂಗಿ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಮಾರನೇ ದಿನವೂ ಮಾಡಿದೆ. ಐದು ದಿನ ಮಾಡಿದೆ.

ಆರನೇ ದಿನ ಎದುರು ಮನೆ ಆಂಟಿ ಕಾಂಪೌಂಡಿನ ಆ ಬದಿಯಿಂದಲೇ ಅಮ್ಮನಿಗೆ ಹೇಳಿದರು: "ರೀ, ವಿಷಯ ಗೊತ್ತಾಯ್ತಾ? ನಮ್ಮ ಸೊಪ್ಪಿನವರು ಹೋಗ್ಬಿಟ್ರಂತೆ. ಕರೋನಾ. ಹದಿನೈದು ದಿನದ ಮೇಲಾಯ್ತಂತೆ."

ಪಕ್ಕದ ಮನೆಯವರು ಬೆರಳು ಮಡಚಿ ದಿನ ಎಣಿಸಿದರು. "ಹದಿನೈದು ದಿನಾನಾ? ನಿನ್ನೆ ಬೆಳಿಗ್ಗೆ ಕೂಗಿದ್ರಲ್ರೀ. ನಾನೇ ಬುಟ್ಟಿ ಹಿಡ್ಕೊಂಡು ಬಂದಿದ್ದೆ." ಎದುರು ಮನೆ ಆಂಟಿ ತೋಳು ಚಾಚಿ, "ನೋಡ್ರೀ, ರೋಮ ಹೇಗೆ ನಿಂತಿದೆ," ಅಂದರು.

ಆಗ ನಾನು ಹೇಳಿಬಿಡಬೇಕಿತ್ತು. ಅಮ್ಮನ ಹಿಂದೆ, ಎರಡೇ ಅಡಿ ದೂರದಲ್ಲಿ ನಿಂತಿದ್ದೆ. ಭಯಕ್ಕೆ ಹೇಳಲಿಲ್ಲ ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಭಯ ಇತ್ತು, ಸುಳ್ಳಲ್ಲ. ಅದರ ಜೊತೆಗೆ, ಆ ಚಾಚಿದ ತೋಳು ನೋಡಿದಾಗ ಎಲ್ಲೋ ಒಂದು ಮೂಲೆಯಲ್ಲಿ, ಯಾವ ಮಿಮಿಕ್ರಿಯವನಿಗೂ ಸಿಗದಂಥ ಚಪ್ಪಾಳೆ ಸಿಕ್ಕಿತು ಅನ್ನಿಸಿತ್ತು. ಆ ಮನುಷ್ಯ ಸತ್ತಿದ್ದಾರೆ ಅನ್ನೋದು ಅದಾದ ಮೇಲೆ ಒಳಗೆ ಇಳಿಯಿತು. ಅವತ್ತು ಊಟ ಮಾಡಲಿಲ್ಲ. ಮತ್ತೆ ಕೂಗಲೂ ಇಲ್ಲ.

ನಾನು ನಿಲ್ಲಿಸಿದರೂ ಕಥೆ ನಿಲ್ಲಲಿಲ್ಲ. ಒಬ್ಬರಿಗೆ ಅಮಾವಾಸ್ಯೆ ದಿನ ಕೇಳಿಸಿತಂತೆ, ಇನ್ನೊಬ್ಬರಿಗೆ ಗಾಡಿಯ ಚಕ್ರದ ಸದ್ದೂ ಕೇಳಿಸಿತಂತೆ. ಹಾಗೆ ಬೀದಿ ದಾಟಿ, ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವ ಅವರ ಹೆಂಡತಿಯ ಕಿವಿಗೆ ಹೋಯಿತು. ನಮ್ಮ ಬೀದಿಯ ಆಂಟಿಯರೇ, ಕೊತ್ತಂಬರಿ ಆರಿಸುತ್ತಾ ಆರಿಸುತ್ತಾ ಹೇಳಿದ್ದು.

ಎಲ್ಲ ತೆರೆದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಏಳು ಗಂಟೆಗೆ ಅವರು ನಮ್ಮ ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ ಬಂದು ಕೂತರು. ಸೊಪ್ಪಿಲ್ಲ, ಬುಟ್ಟಿಯಿಲ್ಲ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಅಮ್ಮ ಒಳಗೆ ಕರೆದಳು, ಬರಲಿಲ್ಲ. ಕಾಫಿ ತಂದು ಕೊಟ್ಟಳು.

"ಆಸ್ಪತ್ರೇಲಿ ನಂಗೆ ತೋರಿಸ್ಲಿಲ್ಲಮ್ಮ," ಅಂದರು. "ಬಟ್ಟೆ ಸುತ್ತಿ ದೂರದಿಂದ್ಲೇ ಗಾಡಿಗೆ ಹಾಕಿದ್ರು. ನಮ್ಮ ಮೈದುನ ಒಬ್ನೇ ಹೋಗಿದ್ದು. ಹಿಂದಿನ ದಿನ ಯಾರೋ ನರ್ಸಮ್ಮ ಫೋನ್ ಹಿಡಿದಿದ್ರು. ಬರೀ ಉಸಿರು. ಮಾತೇ ಬರ್ಲಿಲ್ಲ ಅವರ ಬಾಯಲ್ಲಿ. ಇಲ್ಲಿ ಕೂಗ್ತಾರೆ ಅಂದ್ರಲ್ಲ ಎಲ್ರೂ... ಮುಖ ಕಾಣದಿದ್ರೆ ಬೇಡ. ಒಂದ್ಸಲ ದನಿ ಕೇಳ್ಕೊಂಡು ಹೋಗ್ತೀನಿ."

ಒಂಬತ್ತರವರೆಗೆ ಕೂತಿದ್ದು ಎದ್ದು ಹೋದರು. ಮಾರನೇ ದಿನ ಮತ್ತೆ ಬಂದರು. ಮತ್ತೆ ಒಂಬತ್ತು. ಕಿಟಕಿಯಿಂದ ನೋಡುತ್ತಿದ್ದೆ. ಸ್ಕೂಟರ್ ಹೋದರೆ ತಲೆ ಎತ್ತೋರು, ಹಾಲಿನವನು ಬಂದರೆ ತಲೆ ಎತ್ತೋರು. ಮೂರನೇ ದಿನ ನನ್ನ ಕೈಲಿ ಆಗಲಿಲ್ಲ. ಏಳೂವರೆಗೆ ಟ್ಯಾಂಕಿನ ಹಿಂದೆ ಹೋಗಿ ಕೂಗಿದೆ. ನಗಿಸುವುದಕ್ಕಲ್ಲ, ಅವರಿಗೋಸ್ಕರ, ನನಗೆ ಬಂದಷ್ಟು ಚೆನ್ನಾಗಿ ಕೂಗಿದೆ. ಆದರೆ ಹನ್ನೆರಡು ವರ್ಷದ ಅಭ್ಯಾಸ. ಸಬ್ಸಿಗೆ ಆದ ತಕ್ಷಣ ಗಂಟಲು ತಾನಾಗಿಯೇ ಕೆಮ್ಮಿತು. ಮೂರು ಸಲ. ಸೀಟಿಯೂ ಬಂತು.

ಕೆಳಗಿನಿಂದ ಅವರ ಮಾತು ಕೇಳಿಸಿತು, ಪಿಸುಗುಟ್ಟಿದ ಹಾಗೆ: "ಅಯ್ಯೋ... ಅಲ್ಲಿಗೆ ಹೋದ್ರೂ ಆ ಕೆಮ್ಮು ಬಿಟ್ಟಿಲ್ವಲ್ಲಮ್ಮ ಅವರನ್ನ. ಮೊದಲಿಗಿಂತ ಜಾಸ್ತಿ ಆಗಿದೆ."

ಅತ್ತರು. ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಮೇಲೆ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತೇ ಇದ್ದೆ. ಬಿಸಿಲು ಕಾಲಿನವರೆಗೂ ಬಂತು. ಜನ ಚಪ್ಪಾಳೆ ತಟ್ಟಲಿ ಅಂತ ನಾನು ಸೇರಿಸಿದ್ದ ಆ ಒಂದು ಕೆಮ್ಮನ್ನು, ಆ ಹೆಂಗಸು ಸತ್ತ ಗಂಡನ ಕಾಯಿಲೆ ಅಂತ ತೆಗೆದುಕೊಂಡು ಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ಅಮ್ಮ ಬಟ್ಟೆ ತೆಗೆಯುವ ನೆಪದಲ್ಲಿ ಮೇಲೆ ಬಂದಳು. ಬಟ್ಟೆ ಇನ್ನೂ ಒದ್ದೆಯಿತ್ತು. ಬೈಯ್ಯುತ್ತಾಳೆ ಅಂತ ಕಾದೆ. ಹೆತ್ತವಳಿಗೆ ಮಗನ ಗಂಟಲು ಗೊತ್ತಾಗದೇ ಇರುತ್ತಾ? ಮೊದಲನೇ ದಿನವೇ ಗೊತ್ತಾಗಿತ್ತಂತೆ. ಸಾವಿನ ಸುದ್ದಿ ಬಂದ ಮೇಲೆ, ಆಂಟಿಯರ ಮುಂದೆ ನನ್ನನ್ನು ಹಿಡಿದು ಕೊಡಲಾರದೆ ಸುಮ್ಮನಿದ್ದಳಂತೆ. ಆಮೇಲೆ ಹೇಳಿದಳು ನನಗೆ ಇದೆಲ್ಲ. ಅವತ್ತು ತಂತಿಯ ಮೇಲಿನ ಒಂದು ಟವೆಲ್ ಸರಿ ಮಾಡಿ, ನನ್ನ ಕಡೆ ನೋಡದೆ ಹೇಳಿದ್ದು ಒಂದೇ ಮಾತು:

"ನಾಳೆ ಕೆಮ್ಮಬೇಡ."

ಅವತ್ತು ಮಧ್ಯಾಹ್ನವೆಲ್ಲ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಕೆಮ್ಮಿಲ್ಲದೆ ಆ ಕೂಗು ಬರುತ್ತಲೇ ಇರಲಿಲ್ಲ. ಕೆಮ್ಮಿನ ಜಾಗದಲ್ಲೇ ನಾನು ಉಸಿರು ತೆಗೆದುಕೊಳ್ಳುತ್ತಿದ್ದದ್ದು. ಅದನ್ನು ಕಿತ್ತರೆ ಮುಂದಿನ ಅರ್ಧ ನನ್ನದೇ ಮೂಗುದನಿಯಾಗಿಬಿಡುತ್ತಿತ್ತು. ಇಪ್ಪತ್ತು ಸಲವೋ ಮೂವತ್ತು ಸಲವೋ ಆದ ಮೇಲೆ ಒಂದು ಸಲ ಸರಿಯಾಗಿ ಬಂತು. ಅವರು ಇಪ್ಪತ್ತು ವರ್ಷ ಚಿಕ್ಕವರಾಗಿದ್ದಾಗ ಹೀಗೆ ಕೂಗುತ್ತಿದ್ದರೇನೋ ಅನ್ನಿಸಿತು.

ಮಾರನೇ ದಿನ ಹಾಗೇ ಕೂಗಿದೆ. ಒಂದೇ ಉಸಿರಿನಲ್ಲಿ, ಕೆಮ್ಮಿಲ್ಲದೆ.

ಅವರು ಎದ್ದು ನಿಂತದ್ದು ಗೋಡೆಯ ಸಂದಿಯಿಂದ ಕಾಣಿಸಿತು. ಸೀರೆಯ ನೆರಿಗೆ ಸರಿ ಮಾಡಿಕೊಂಡರು. "ಇವತ್ತು ಸಲೀಸಾಗಿ ಕೂಗಿದ್ರು ಅಮ್ಮ," ಅಂದರು ಅಮ್ಮನಿಗೆ. "ಕೆಮ್ಮು ಹೋಯ್ತಲ್ಲ, ಸಾಕು. ನಾನು ಇನ್ನು ಬರಲ್ಲ. ನಾನು ಬಂದು ಕೂತ್ರೆ ಪಾಪ ಅವರೂ ಬರಬೇಕಾಗುತ್ತೆ. ಜನ್ಮವೆಲ್ಲ ಓಡಾಡಿದ್ದಾರೆ. ಕೂತ್ಕೊಳ್ಳಲಿ." ಕಾಫಿ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು.

ಇಷ್ಟನ್ನೂ ದರ್ಶಿನಿಯ ಮುಂದೆ, ಖಾರಾಬಾತ್ ಆರಿ ತಣ್ಣಗಾಗುವವರೆಗೆ, ಗೆಳತಿಗೆ ಹೇಳಿದೆ. ಯಾರ ದನಿಯನ್ನೂ ತೆಗೆಯದೆ ಹೇಳಿದ್ದಕ್ಕೋ ಏನೋ, ಅವಳು ನಗುವುದನ್ನು ಮಧ್ಯದಲ್ಲೇ ನಿಲ್ಲಿಸಿದ್ದಳು.

"ಕಥೆ ಬಿಟ್ಬಿಡೋಣವಾ?" ಅಂದೆ.

"ಬಿಡಲ್ಲ. ಆದ್ರೆ ಅವರನ್ನ ಕೇಳದೆ ಹಾಕೋದೂ ಇಲ್ಲ. ನೀನು ಹೋಗಿ ತೋರಿಸಿ ಒಪ್ಪಿಗೆ ತಗೊಂಡು ಬಾ."

"ಎಷ್ಟು ಹೇಳಲಿ ಅವರಿಗೆ?"

"ಅದು ನಿಂಗೆ ಬಿಟ್ಟಿದ್ದು ಮಗಾ."

ಅಮ್ಮನನ್ನು ಕೇಳಿದೆ. "ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವರ ಹತ್ರ ಇರೋದನ್ನ ಕಿತ್ಕೋಬೇಡ," ಅಂದಳು. ಗಂಡ ನೋವಿಲ್ಲದೆ ಇದ್ದಾರೆ ಅನ್ನುವ ನಂಬಿಕೆ ಒಂದೇ ಅವರ ಹತ್ತಿರ ಇದ್ದದ್ದು, ಅದನ್ನು ಕೊಟ್ಟವನೂ ನಾನೇ, ಕಿತ್ತುಕೊಳ್ಳಬಲ್ಲವನೂ ನಾನೊಬ್ಬನೇ. ನೀವು ಓದುತ್ತಿರುವ ಇದನ್ನು ಬರೆಯುತ್ತೇನೆ ಅಂದಾಗಲೂ ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ, ಬೀದಿಯ ಹೆಸರು ಬೇಡ, ಯಾರ ಹೆಸರೂ ಬೇಡ, ಅವರಿಗೆ ಓದೋಕೆ ಬರಲ್ಲ ಅನ್ನೋ ಧೈರ್ಯದ ಮೇಲೆ ಬರಿ, ಅಂದಳು.

ಗೆಳತಿ ಎಂಟು ಹಾಳೆಗಳಲ್ಲಿ ಕಥೆ ಮುಗಿಸಿದಳು. ಮಾರ್ಕೆಟ್ಟಿನಲ್ಲಿ ಗಾಡಿ ತುಂಬ ಸೊಪ್ಪು ಜೋಡಿಸುವ ಮನುಷ್ಯ. ಬೀದಿಯಲ್ಲಿ ಅವರ ಗಾಡಿ, ಗೇಟುಗಳಲ್ಲಿ ಹೆಂಗಸರು. ಆಮೇಲೆ ಖಾಲಿ ಬೀದಿ. ಖಾಲಿ ಬೀದಿಯಲ್ಲಿ ಕೂಗು. ತೆರೆದ ಗೇಟುಗಳು. ಕಟ್ಟೆಯ ಮೇಲೆ ಕಾಯುವ ಹೆಂಡತಿ. ಇನ್ನೊಂದು ಕೂಗು. ಕೊನೆಗೆ ಖಾಲಿ ಕಟ್ಟೆ. ಮಹಡಿಯ ಮೇಲೆ ಟ್ಯಾಂಕು ಇತ್ತು, ಅದರ ಹಿಂದೆ ಯಾರನ್ನೂ ಬಿಡಿಸಿರಲಿಲ್ಲ. ಕೂಗಿಗೆ ಬಿಡಿಸಿದ ಮಾತಿನ ಗುಳ್ಳೆಯೊಳಗೆ ಏನು ಬರೆಯಲಿ ಅಂತ ಕೇಳಿದಳು, ನನಗೆ ಬರೆದು ಕೊಡಲಾಗಲಿಲ್ಲ. ಖಾಲಿ ಬಿಟ್ಟಳು.

ಒಂದು ಬೆಳಿಗ್ಗೆ ಗಾಂಧಿ ಬಜಾರಿಗೆ ಹೋದೆ. ಅವರು ದಂಟಿನ ಕಂತೆಗಳಿಗೆ ನೀರು ಚಿಮುಕಿಸುತ್ತಿದ್ದರು. ವಿಷಯ ಹೇಳಿದೆ. ಅಂದರೆ, ಬೀದಿಯವರು ಹೇಳುವ ಕಥೆ ಗೆಳತಿ ಬರೆದಿದ್ದಾಳೆ, ನೀವು ಬೇಡ ಅಂದರೆ ಹಾಕಲ್ಲ ಅಂತ ಅಷ್ಟನ್ನು ಹೇಳಿದೆ. ಕೈ ಸೆರಗಿಗೆ ಒರೆಸಿಕೊಂಡು ಹಾಳೆಗಳನ್ನು ಇಸಿದುಕೊಂಡರು.

ಜಪಾನಿನವರ ಪುಸ್ತಕ ಬಲಗಡೆಯಿಂದ ಶುರುವಾಗುತ್ತೆ, ನಾವು ಕೊನೆಯ ಪುಟ ಅನ್ನುವುದು ಅವರಿಗೆ ಮೊದಲನೆಯದು. ಗೆಳತಿಯೂ ಹಟ ಹಿಡಿದು ಹಾಗೇ ಜೋಡಿಸಿ ಪಿನ್ ಹೊಡೆದಿದ್ದಳು. ಅವರು ನಮ್ಮೆಲ್ಲರ ಹಾಗೆ ಎಡಗಡೆಯಿಂದ ತೆರೆದರು. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಖಾಲಿ ಕಟ್ಟೆ ದಾಟಿ ಅವರದೇ ಚಿತ್ರಕ್ಕೆ ಬಂದಿದ್ದರು.

"ಇದ್ಯಾರು, ನಾನಾ? ಇಷ್ಟು ದಪ್ಪ ಇದೀನೇನಪ್ಪ ನಾನು?"

"ಅವಳಿಗೆ ಸೀರೆ ಬಿಡಿಸೋಕೆ ಸರಿಯಾಗಿ ಬರಲ್ಲಮ್ಮ," ಅಂದೆ.

ಹಾಳೆ ತಿರುಗಿಸುತ್ತಾ ಹೋದರು. ಅವರ ಬೆರಳಿನ ಕೆಳಗೆ ಎಲ್ಲ ಹಿಂದುಮುಂದಾಗಿ ನಡೆಯಿತು. ಕಾಯುತ್ತಿದ್ದ ಹೆಂಗಸು, ಆಮೇಲೆ ತೆರೆದ ಗೇಟುಗಳು, ಖಾಲಿ ಬೀದಿ. ಖಾಲಿ ಬೀದಿ ತಿರುಗಿಸಿದರೆ ಗಂಡ ಗಾಡಿ ತಳ್ಳಿಕೊಂಡು ಎದುರಿಗೆ ಬರುತ್ತಿದ್ದರು. ಕೊನೆಯ ಹಾಳೆಯಲ್ಲಿ ಮಾರ್ಕೆಟ್ಟಿನ ಬೆಳಕಿನಲ್ಲಿ ನಿಂತು ಸೊಪ್ಪು ಜೋಡಿಸುತ್ತಿದ್ದರು. ಅದನ್ನು ಬಹಳ ಹೊತ್ತು ನೋಡಿದರು.

"ಮೊದ್ಲು ಬೇಜಾರಾಯ್ತು," ಅಂದರು. "ಕೊನೇಲಿ ಬರ್ತಾರಲ್ಲ. ಹಾಕಿ, ಚೆನ್ನಾಗಿದೆ."

ತಿದ್ದಲಿಲ್ಲ. ಹಾಳೆಗಳಿಗೆ ಕೈ ಚಾಚಿದೆ. ಅವರು ಕೊಡದೆ, ಖಾಲಿ ಗುಳ್ಳೆಯಿದ್ದ ಹಾಳೆಗೆ ಮತ್ತೆ ಹೋದರು. "ಇಲ್ಲಿ ಏನೂ ಬರೆದಿಲ್ವಲ್ಲಪ್ಪ?"

"ಅದು ಅವರ ಕೂಗು ಅಮ್ಮ."

ತಲೆಯಾಡಿಸಿದರು. ನನ್ನ ಮುಖ ನೋಡಿದರು. "ಅವರ ಥರಾನೇ ಕೂಗೋ ಹುಡುಗ ಒಬ್ಬ ಇದಾನೆ ಆ ಬೀದೀಲಿ ಅಂತ ಮನೇಗೆ ಬಂದು ಹೇಳ್ಕೊಂಡು ನಗೋರು. ನೀನೇ ಅಲ್ವಾ?"

ಹೂಂ ಅಂದೆ.

"ಒಂದ್ಸಲ ಕೂಗಪ್ಪ. ಮೆಲ್ಲಗೆ. ಈ ಗಲಾಟೇಲಿ ಯಾರಿಗೂ ಕೇಳಿಸಲ್ಲ."

ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಎಲ್ಲರ ಮುಖವನ್ನೂ ಓದಿ ನಕಲು ಮಾಡುವ ನನಗೆ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಗೊತ್ತಿಲ್ಲದಿದ್ದರೆ, ನಾನು ಬಾಯಿ ಬಿಟ್ಟ ತಕ್ಷಣ ಗೊತ್ತಾಗುತ್ತಿತ್ತು. ಆ ಬೆಳಿಗ್ಗೆ ಸಲೀಸಾಗಿ ಕೂಗಿದವರು ಯಾರು ಅಂತ ಅದೇ ಕಿವಿಗೆ ಗೊತ್ತಾಗುತ್ತಿತ್ತು. ಕೂಗು ಗಂಟಲಲ್ಲಿ ಸಿದ್ಧವಾಗಿ ಬಂದು ನಿಂತಿತ್ತು.

"ಮರೆತುಹೋಗಿದೆ ಅಮ್ಮ," ಅಂದೆ.

ಅವರು ಹಾಳೆಗಳನ್ನು ನೇರ ಮಾಡಿ, ಒದ್ದೆ ತಾಗದ ಹಾಗೆ ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

"ನಂಗೂ ಅಷ್ಟೇ ಕಣಪ್ಪ," ಅಂದರು. "ಮುಖ ಇದೆ, ಫೋಟೋ ಇದೆಯಲ್ಲ. ದನೀನೇ ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇದೆ."

ಯಾರೋ ಬಂದು ಮೆಂತ್ಯ ತಾಜಾ ಇದೆಯಾ ಅಂತ ಕೇಳಿದರು. ಅವರು ಆ ಕಡೆ ತಿರುಗಿ, ಒಂದು ಕಂತೆ ಎತ್ತಿ, ನೀರು ಕೊಡವಿ ತೋರಿಸಿದರು.